ಕೆಳಮನೆ ಒಪ್ಪದ ಮಸೂದೆ

ನಮ್ಮ ಮನೆಯ ಹಿಂದಿನ ಕೋಣೆ
(ನೀನು ಖಾಲಿ ಮಾಡು ಎಂದೆಯಲ್ಲ, ಅದೇ)
ಮಾರ್ಚ್ ಹದಿನಾರು, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಮೊದಲು ನಿನ್ನ ಬೆರಳುಗಳ ಕ್ಷೇಮ. ಹತ್ತನ್ನೂ ಒಂದೊಂದಾಗಿ ವಿಚಾರಿಸಿದ್ದೇನೆಂದು ತಿಳಿದುಕೋ, ಯಾವುದಕ್ಕೂ ಬೇಜಾರಾಗುವುದು ಬೇಡ. ಮಗಳ ಮನೆಯಲ್ಲಿ ದಿನಾ ಎರಡು ಹೊತ್ತು ಬಿಸಿ ಮೇಣದ ಬಟ್ಟಲಲ್ಲಿ ಕೈ ಅದ್ದಿಕೊಂಡು ಕೂರುತ್ತೀಯಂತೆ. "ಅಮ್ಮ ಮೇಣದ ಬತ್ತಿ ಆಗ್ತಿದಾಳೆ ಚಿಕ್ಕಮ್ಮಾ, ಹಚ್ಚೋದೊಂದೇ ಬಾಕಿ" ಎಂದಳು ನಿನ್ನ ಮಗಳು. ಹಚ್ಚಬೇಡ ಕಣೇ, ಹಚ್ಚದೆಯೇ ಉರಿಯುವ ಹೆಂಗಸು ಅದು ಎಂದೆ. ಗಂಟುಗಳ ಊತ ಇಳಿಯಿತೆ? ಬೆಳಿಗ್ಗೆ ಎದ್ದಾಗ ಮುಷ್ಟಿ ಮುಚ್ಚಲು ಬರುತ್ತದೆಯೆ? ಟೂತ್‌ಪೇಸ್ಟಿನ ಮುಚ್ಚಳ ತೆಗೆಯಲು ಮಗಳನ್ನು ಕರೆಯುತ್ತೀಯೋ, ಇಲ್ಲ ಜಂಬಕ್ಕೆ ಬಿದ್ದು ಬಾಗಿಲ ಸಂದಿಗೆ ಸಿಕ್ಕಿಸಿ ತಿರುಗಿಸುತ್ತೀಯೋ? ಎರಡನೆಯದೇ ಇರಬೇಕು, ನನಗೆ ಗೊತ್ತಿಲ್ಲದ ಜಂಬವೇ! ನಾವಿಬ್ಬರೂ ಇಲ್ಲಿ ಚೆನ್ನಾಗಿದ್ದೇವೆ. ಇವರ ಗಡಿಯಾರ ರಿಪೇರಿ ಅಂಗಡಿಯೂ ಇನ್ನೂ ಉಸಿರಾಡುತ್ತಿದೆ. ಜನ ಈಗ ಕೈಗೆ ಗಡಿಯಾರ ಕಟ್ಟುವುದಿಲ್ಲವಾದ್ದರಿಂದ ಇವರಿಗೆ ಕಾಲ ಸರಿಯಿಲ್ಲ. ಅಥವಾ ಕಾಲ ಸರಿಯಾಗಿಯೇ ಇದೆ, ಗಿರಾಕಿ ಇಲ್ಲ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ, ಪತ್ರ ಯಾಕೆ ಎಂದು ಕೇಳುತ್ತೀಯ. ಫೋನಿನಲ್ಲಿ ವಾದ ಬಿಸಿಯೇರಿದ ಕೂಡಲೇ ನೀನು ಇಟ್ಟುಬಿಡುತ್ತೀಯ. ಪತ್ರವನ್ನು ನೀನು ಮಧ್ಯದಲ್ಲಿ ಮೇಜಿನ ಮೇಲಿಟ್ಟು ಎದ್ದು ಹೋದರೂ ನನ್ನ ಮಾತು ಅಲ್ಲೇ ಕೂತು ನಿನಗಾಗಿ ಕಾಯುತ್ತದೆ.

ಸರಿ, ಕ್ಷೇಮ ಸಮಾಚಾರ ಮುಗಿಯಿತು, ಇನ್ನು ಜಗಳ. ಹೋದ ತಿಂಗಳು ಒಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಚಕ್ರಪಾಣಿ. ಅವನ ಬೆನ್ನಿಗೆ ಒಂದು ವ್ಯಾನು, ವ್ಯಾನಿನಲ್ಲಿ ಹಗ್ಗ, ಹಳೇ ಕಂಬಳಿ, ಸಾಮಾನು ಎತ್ತುವ ಇಬ್ಬರು ಗಟ್ಟಿ ಆಳುಗಳು. ಕೈಯಲ್ಲಿ ಸದಾ ಒಂದು ಕಳಚಿದ ಚಕ್ರ ಹಿಡಿದೇ ಓಡಾಡುತ್ತಾನೆಂದು ನಮ್ಮ ಸ್ಕೇಟಿಂಗ್ ಮಾಸ್ಟರನಿಗೆ ಆ ಹೆಸರಿಟ್ಟವಳು ನೀನೇ ತಾನೆ? ಅವತ್ತೂ ಕೈಯಲ್ಲಿ ಚಕ್ರವಿತ್ತು, ಮುಖದಲ್ಲಿ ಸಂಕೋಚವಿತ್ತು. "ಅಕ್ಕಾವ್ರು ಫೋನ್ ಮಾಡಿದ್ರು ಮೇಡಂ. ಕೀಬೋರ್ಡ್ ತಗೊಂಡೋಗಿ ಯಾವ್ದಾದ್ರೂ ಶಾಲೆಗೆ ಕೊಟ್ಬಿಡು, ತಂಗಿಗೆ ಹೇಳಿದೀನಿ ಅಂದ್ರು" ಎಂದ. ನೀನು ಹೇಳಿದ್ದು ನಿಜ, ಇಲ್ಲವೆನ್ನುವುದಿಲ್ಲ. "ಅದು ಇಬ್ಬರ ಸಾಮಾನು ಕಣೇ. ನನ್ನ ಕೈ ಹೋಯ್ತು. ಒಬ್ಬಳೇ ಎಡಗಡೆ ಕೂತು ಏನ್ ಕುಟ್ತೀಯಾ? ಕೋಣೆ ಖಾಲಿ ಮಾಡು" ಎಂದೆ ನೀನು. ನಾನು ಊಹೂಂ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ನೀನು ಫೋನ್ ಇಟ್ಟಿದ್ದೆ. ಕಾಲೇಜಿನಲ್ಲಿ ಅಷ್ಟು ವರ್ಷ ತರ್ಕಶಾಸ್ತ್ರ ಹೇಳಿಕೊಟ್ಟು ಬಂದ ನಾನು ಇದೊಂದನ್ನು ಖಚಿತವಾಗಿ ಹೇಳಬಲ್ಲೆ: ಮೌನಂ ಸಮ್ಮತಿ ಎನ್ನಬೇಕಾದರೆ ಮೊದಲು ಎದುರಿನವರಿಗೆ ಮೌನವಾಗಿರಲಾದರೂ ಅವಕಾಶ ಕೊಡಬೇಕು.

ನಾನೇನು ಮಾಡಿದೆ ಗೊತ್ತೆ? ನೆಟ್ಟಗೆ ಹಿಂದಿನ ಕೋಣೆಗೆ ಹೋಗಿ ಕೀಬೋರ್ಡಿನ ಮುಂದೆ, ಕುರ್ಚಿಯ ಮೇಲೆ, ಎರಡೂ ಕೈ ಚಾಚಿ ಕೂತುಬಿಟ್ಟೆ. "ಎತ್ತೋದಾದ್ರೆ ನನ್ನ ಸಮೇತ ಎತ್ತಿ" ಎಂದೆ. ಆಳುಗಳಲ್ಲಿ ಒಬ್ಬ ನನ್ನನ್ನು ಮೇಲಿಂದ ಕೆಳಗೆ ಅಳೆದು ನೋಡಿ, "ಹಾಗಾದ್ರೆ ಇನ್ನಿಬ್ರು ಬೇಕಾಗುತ್ತೆ ಸಾರ್" ಎಂದ, ಬಹಳ ಗೌರವದಿಂದ. ಆಮೇಲೆ ನಾನು ಚಕ್ರಪಾಣಿಗೆ ನಮ್ಮ ಸಂವಿಧಾನವನ್ನು ನೆನಪಿಸಬೇಕಾಯಿತು. ಇದು ಈ ಕೋಣೆ ಸೇರುವ ಮುಂಚೆ, ಆ ಸ್ಕೇಟಿಂಗ್ ಹಾಲಿನ ಬಾಲ್ಕನಿಯಲ್ಲಿ ವಾರ ವಾರವೂ ಒಂದೇ ಕೀಬೋರ್ಡಿಗೆ ಒಂದೇ ಬೆಂಚಿನಲ್ಲಿ ನಾಲ್ಕು ಕೈ ಹಾಕಿ ಕೂರುತ್ತಿದ್ದ ನಮಗೆ, ಬಲಗಡೆ ಕೂತು ಮೇಲಿನ ಸ್ವರ ಬಾರಿಸುವ ನಿನಗೆ ಮೇಲ್ಮನೆ ಎಂದೂ, ಎಡಗಡೆ ಕೂತು ಕೆಳಗಿನದನ್ನು ಬಾರಿಸುವ ನನಗೆ ಕೆಳಮನೆ ಎಂದೂ ಹೆಸರಿಟ್ಟದ್ದು ಅವನ ತಂಡದವರೇ ಅಲ್ಲವೆ? "ಮೇಲ್ಮನೆ ಮಸೂದೆ ಪಾಸ್ ಮಾಡಿದ್ರೆ ಸಾಲದು ಕಣಪ್ಪಾ, ಕೆಳಮನೆ ಒಪ್ಪಬೇಕು. ಒಪ್ಪಿಲ್ಲ. ವ್ಯಾನ್ ತಿರುಗಿಸು" ಎಂದೆ.

ಅವನು ವ್ಯಾನೇನೋ ತಿರುಗಿಸಿದ, ಆದರೆ ಹೊಸ್ತಿಲಲ್ಲಿ ನಿಂತು ಒಂದು ಮಾತಂದ. ನಮ್ಮ ಕಣ್ಣೆದುರೇ ಬಿದ್ದು ಎದ್ದು ಮಾಸ್ಟರ್ ಆದವನು, ಸಲಿಗೆ ಇದೆ, ಅನ್ನಲಿ. "ಒಪ್ಪದಿದ್ರೆ ಬಿಡಿ ಮೇಡಂ. ಆದ್ರೆ ಒಬ್ರೇ ಏನ್ ಬಾರಿಸ್ತೀರ? ನಿಮ್ಮ ಎಡಗಡೆ ದುಂ ದುಂ ಕೇಳ್ಕೊಂಡು ಮಕ್ಕಳು ಸ್ಕೇಟಿಂಗ್ ಮಾಡಲ್ಲ, ನಿದ್ದೆ ಮಾಡ್ತಾರೆ." ಅಕ್ಕಾ, ಇಷ್ಟು ವರ್ಷ ಎಲ್ಲರೂ ನಿನ್ನ ಬಲವನ್ನೇ ಹೊಗಳಿದರು. ಎಲ್ಲಿ ಏನು ತಪ್ಪಿದರೂ ಎಡವಟ್ಟು ಎಡಗಡೆಯದೇ ಎಂದರು. ನಾನು ನಕ್ಕುಬಿಡುತ್ತಿದ್ದೆ. ಅವತ್ತು ಮಾತ್ರ ನಗು ಬರಲಿಲ್ಲ. "ಮಾರ್ಚ್ ಕೊನೇ ಶನಿವಾರ ನಿನ್ನ ಪುಟಾಣಿ ತಂಡದ ಪ್ರದರ್ಶನ ಇದೆಯಲ್ಲ, ಅದಕ್ಕೆ ಯಾರದೋ ರೆಕಾರ್ಡಿನ ಡಬ್ಬಿ ಹಾಡು ಬೇಡ. ಗಿರಗಿಟ್ಲೆ ನಾಲ್ಕು ಕೈಯಲ್ಲೇ ಕೇಳುತ್ತೆ, ನಾನು ತರ್ತೀನಿ, ಈ ಎರಡೇ ಕೈಯಲ್ಲಿ" ಎಂದುಬಿಟ್ಟೆ. ಗಿರಗಿಟ್ಲೆ ಎಂದರೆ ನೀನೇ ಕಟ್ಟಿದ, ಮೂರು ಮಾತ್ರೆಗೊಮ್ಮೆ ಸುತ್ತುವ ಧಾಟಿ. ಅದಿಲ್ಲದೆ ಆ ಹಾಲಿನಲ್ಲಿ ಯಾವ ಮಗುವೂ ಕಾಲಿಗೆ ಚಕ್ರ ಕಟ್ಟಿದ್ದಿಲ್ಲ. "ತರದಿದ್ರೆ?" ಎಂದ. "ತರದಿದ್ರೆ ನಾನೇ ಕಂಬಳಿ ಸುತ್ತಿ ಕೀಬೋರ್ಡ್ ನಿನ್ನ ವ್ಯಾನಿಗೆ ಹಾಕ್ತೀನಿ." ಒಪ್ಪಂದವಾಯಿತು. ಬಾಗಿಲು ಹಾಕಿದ ಮೇಲೆ ನನಗೆ ಹೊಳೆದದ್ದು, ಎರಡು ಕೈಯಲ್ಲಿ ನಾಲ್ಕು ಕೈ ಬಾರಿಸುವುದು ಹೇಗೆಂದು ನನಗೆ ತಿಳಿಯದು.

ನಿನ್ನ ಮಗಳಿಗೆ ತಿಳಿದಿತ್ತು. "ಮಿಡಿ ಉಪಯೋಗಿಸು ಚಿಕ್ಕಮ್ಮಾ" ಎಂದಳು. ನಾವಿಬ್ಬರೂ ಕಾಲೇಜಿಗೆ ಹಾಕಿಕೊಂಡು ಹೋಗಿ ಅಪ್ಪನ ಹತ್ತಿರ ಬೈಸಿಕೊಂಡ ಆ ಅರ್ಧ ಉದ್ದದ ಲಂಗ ಎಲ್ಲಿದೆಯೋ ಈಗ ಎಂದೆ. ಅದಲ್ಲವಂತೆ. ಕೀಬೋರ್ಡಿನ ಬೆನ್ನಿನಲ್ಲಿ ಒಂದು ಚೌಕಾಕಾರದ ತೂತಿದೆ ನೋಡು, ಧೂಳು ಶೇಖರಿಸಲೆಂದೇ ಕೊಟ್ಟಿದ್ದಾರೆಂದು ನಾವು ನಂಬಿದ್ದೆವಲ್ಲ, ಅಲ್ಲಿಂದ ಕಂಪ್ಯೂಟರಿಗೆ ಒಂದು ತಂತಿ ಹಾಕಬೇಕು. ಆಮೇಲೆ ನಾವು ಕೀ ಒತ್ತಿದರೆ ಆ ತಂತಿಯಲ್ಲಿ ಸದ್ದು ಹೋಗುವುದಿಲ್ಲ, ಸಮಾಚಾರ ಹೋಗುತ್ತದೆ: ಯಾವ ಕೀ, ಯಾವಾಗ, ಎಷ್ಟು ಜೋರಾಗಿ, ಎಷ್ಟು ಹೊತ್ತು. ಥೇಟ್ ನಮ್ಮ ಎದುರುಮನೆ ಅಜ್ಜಿ. ಯಾರು ಬಂದರು, ಎಷ್ಟು ಹೊತ್ತು ಕೂತರು, ಹೋಗುವಾಗ ಬಾಗಿಲು ಎಷ್ಟು ಜೋರಾಗಿ ಎಳೆದುಕೊಂಡರು, ಎಲ್ಲ ಗೊತ್ತು. ಒಳಗೆ ನಡೆದ ಮಾತೊಂದು ಬಿಟ್ಟು. ಆ ಸಮಾಚಾರವನ್ನು ಸಾಲಾಗಿ ಜೋಡಿಸಿಟ್ಟುಕೊಂಡು, ಬೇಕೆಂದಾಗ ಅದೇ ಕೀಬೋರ್ಡಿಗೆ ಹೇಳಿ ಬಾರಿಸುವುದಕ್ಕೆ ಒಂದು ಸಾಫ್ಟ್‌ವೇರ್. ಇವತ್ತು ಕೆಳಗಿನದನ್ನು ಬಾರಿಸಿ ಇಡು, ನಾಳೆ ಅದರ ಮೇಲೆ ಮೇಲಿನದನ್ನು ಬಾರಿಸು, ನಾಡಿದ್ದು ಎರಡನ್ನೂ ಒಟ್ಟಿಗೆ ಕೇಳು. ನಾನು ಕುಣಿದಾಡಿಬಿಟ್ಟೆ. ಮಿಡಿಯುವುದಕ್ಕೆ ಹೃದಯವೇ ಬೇಕೆಂದಿಲ್ಲ, ತಂತಿಯಿದ್ದರೂ ಸಾಕು ಎಂದು ಇವರಿಗೆ ಹೇಳಿದೆ. ಇವರು ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯಿಂದಲೇ ನನ್ನನ್ನು ನೋಡಿ ಮತ್ತೆ ಗಡಿಯಾರದೊಳಗೆ ಇಳಿದರು.

ಆದರೆ ಯಾವ ಸಾಫ್ಟ್‌ವೇರ್? ಅಲ್ಲಿಂದ ಶುರುವಾಯಿತು ನೋಡು ಸ್ವಯಂವರ. ಮೊದಲು ಬಂದವನು ಶೋಕಿಲಾಲ. ಪುಕ್ಕಟೆ, ಪರದೆ ತುಂಬಾ ಬಣ್ಣ, ಒಂದು ಗುಂಡಿ ಒತ್ತಿದರೆ ರೆಡಿಮೇಡ್ ಡೋಲು, ಇನ್ನೊಂದು ಒತ್ತಿದರೆ ರೆಡಿಮೇಡ್ ಪಿಟೀಲು. ನಾನು ಬಾರಿಸುವುದೊಂದಕ್ಕೆ ಮಾತ್ರ ಅವನಲ್ಲಿ ಜಾಗವಿರಲಿಲ್ಲ. ಆಮೇಲೆ ನಿನ್ನ ಮಗಳು ಬಹಳ ಹೊಗಳಿ ಕಳಿಸಿದ ವಿಮಾನ. ನಿಜವಾಗಿಯೂ ವಿಮಾನವೇ ಕಣೇ, ತೆರೆದರೆ ಪೈಲಟ್ಟಿನ ಮುಂದಿರುವಷ್ಟು ಗುಂಡಿಗಳು, ಮುಳ್ಳುಗಳು, ಮಿಣುಕು ದೀಪಗಳು. ನಮ್ಮ ಬಡ ಕಂಪ್ಯೂಟರಿಗೆ ಅದನ್ನು ಹೊತ್ತು ಹಾರುವ ಶಕ್ತಿ ಇಲ್ಲ. ಕೀ ಒತ್ತಿದರೆ ಒಂದು ಕ್ಷಣ ಯೋಚಿಸಿ, ಮೇಲಧಿಕಾರಿಗಳನ್ನು ವಿಚಾರಿಸಿ, ಆಮೇಲೆ ಸ್ವರ ಹೊರಡಿಸುತ್ತಿತ್ತು. ನಾನು ಮುಂದಿನ ಸಾಲಿನಲ್ಲಿದ್ದರೆ ಅದು ಹಿಂದಿನ ಸಾಲಿಗೆ ಉತ್ತರ ಕೊಡುತ್ತಿತ್ತು. ನಿನ್ನ ಮಗಳಿಗೆ ಹೇಳಬೇಡ, ಅದನ್ನು ಮೂರೇ ದಿನಕ್ಕೆ ಇಳಿಸಿಬಿಟ್ಟೆ. ಎರಡು ವಾರ ಚೆನ್ನಾಗಿ ಹಾರಿತು ಎಂದು ಅವಳಿಗೆ ಹೇಳಿದ್ದೇನೆ.

ಮೂರನೆಯದನ್ನು ಮೆಚ್ಚಿದವರು ಇವರು. ಅದಕ್ಕೆ ನಾನಿಟ್ಟ ಹೆಸರು ಹೆಡ್‌ಮೇಷ್ಟ್ರು. ಟಕ್, ಟಕ್, ಟಕ್ ಎಂದು ಅದು ತಾಳ ಹಾಕುತ್ತದೆ, ಆ ತಾಳಕ್ಕೇ ನಾವು ಬಾರಿಸಬೇಕು. ಒಂದು ಕೂದಲೆಳೆ ಹಿಂದೆ ಮುಂದೆ ಆದರೆ ಬಾರಿಸಿ ಮುಗಿಸಿದ ಕೂಡಲೇ ತಾನೇ ಕಿವಿ ಹಿಂಡಿ ಸಾಲಿಗೆ ನಿಲ್ಲಿಸುತ್ತದೆ. ಇವರ ಮುಖ ಅರಳಿತು. "ನೋಡೇ, ಇದು ಸಂಗೀತ! ಒಂದು ಸೆಕೆಂಡು ಹೆಚ್ಚಿಲ್ಲ, ಒಂದು ಸೆಕೆಂಡು ಕಮ್ಮಿ ಇಲ್ಲ" ಎಂದರು. ನನಗೋ ತಾಳ ಬಂದರೆ ತಾಳ್ಮೆ ಬರುವುದಿಲ್ಲ. ಔಷಧಿ ಅಂಗಡಿಯಲ್ಲಿ ದಿನವಿಡೀ ಮಾತ್ರೆ ಎಣಿಸಿ, ಸಂಜೆ ಬಾಲ್ಕನಿಗೆ ಬಂದು ಮತ್ತೆ ಮಾತ್ರೆ ಎಣಿಸುತ್ತಿದ್ದವಳು ನೀನು. ನಾನು ಯಾವತ್ತು ಎಣಿಸಿದ್ದೆ? ನಿನ್ನ ಗದ್ದ ನೋಡಿಕೊಂಡು ಬಾರಿಸಿದವಳು ನಾನು. ಗದ್ದ ಎತ್ತಿದರೆ ನಿಲ್ಲು, ಇಳಿಸಿದರೆ ಹೊರಡು, ಅಷ್ಟೇ ನನ್ನ ಸಂಗೀತಶಾಸ್ತ್ರ. ಆದರೂ ಹಟ ಹಿಡಿದು ಕೂತೆ. ಕೆಳಗಿನದನ್ನು ಬಾರಿಸಿದೆ. ಮೇಲಿನದನ್ನು ನಿನ್ನ ಹಾಗೆಯೇ ಬಾರಿಸಲು ಹೋಗಿ ಒದ್ದಾಡಿದೆ. ಪರವಾಗಿಲ್ಲ, ಮೇಷ್ಟ್ರು ತಿದ್ದುತ್ತಾರಲ್ಲ! ತಿದ್ದಿದರು ಕೂಡ. ಒಂದು ಕಡೆ ಮಾತ್ರ ಅವರಿಗೂ ತಿದ್ದಲಾಗದ ವಿಚಿತ್ರ ಉಳಿಯಿತು. ನಾನು ಬಾರಿಸಿದ್ದೆಲ್ಲ ಪರದೆಯ ಮೇಲೆ ಸಣ್ಣ ಸಣ್ಣ ಇಟ್ಟಿಗೆಗಳಾಗಿ ಸಾಲಾಗಿ ನಿಂತಿರುತ್ತದೆ. ಆ ಗೋಡೆಯಲ್ಲಿ, ಮೂರನೆಯ ಸಾಲು ಮುಗಿದು ನಾಲ್ಕನೆಯದು ಶುರುವಾಗುವ ಮುಂಚೆ, ಹಲ್ಲು ಬಿದ್ದ ಬಾಯಿಯ ಹಾಗೆ ಒಂದು ಖಾಲಿ ಜಾಗ. ಮತ್ತೆ ಬಾರಿಸಿದೆ, ಮತ್ತೆ ಅಲ್ಲೇ ಖಾಲಿ. ಟಕ್ ಟಕ್ ಎನ್ನುತ್ತಲೇ ಇರುತ್ತದೆ, ನನ್ನ ಕೈ ಮಾತ್ರ ಅಲ್ಲಿಗೆ ಬಂದ ಕೂಡಲೇ ನಿಂತುಬಿಡುತ್ತದೆ. ವಯಸ್ಸಾಯಿತು, ಮರೆವು ಎಂದುಕೊಂಡೆ. ಇವರು ಬಂದು ನೋಡಿ, "ಇಷ್ಟೇ ತಾನೆ, ನಿಧಾನ ಹೋಗೋ ಗಡಿಯಾರ ಎಷ್ಟು ನೋಡಿಲ್ಲ ನಾನು" ಎಂದು, ಆ ಜಾಗದಿಂದಾಚೆಯ ಇಟ್ಟಿಗೆಗಳನ್ನೆಲ್ಲ ಒಟ್ಟಿಗೆ ಹಿಡಿದು ಹಿಂದಕ್ಕೆ ಎಳೆದು, ಸಂದು ಮುಚ್ಚಿಬಿಟ್ಟರು. ಕೇಳಿದೆವು. ನೀಟಾಗಿತ್ತು. ಬಡಗಿ ಕೀಸಿದ ಹಲಗೆಯಷ್ಟು ನೀಟು. ನಮ್ಮಿಬ್ಬರಿಗೂ ಅದು ತಪ್ಪು ತಿದ್ದಿದ ಹಾಗೆಯೇ ಕಂಡಿತು ಎನ್ನುವುದೇ ಈಗ ನಗು ಬರಿಸುವ ವಿಷಯ.

ಆ ವಾರದ ಶನಿವಾರ ಕಂಪ್ಯೂಟರನ್ನು ಎತ್ತಿಕೊಂಡು ಮಕ್ಕಳ ತಾಲೀಮಿಗೆ ಹಾಲಿಗೆ ಹೋದೆವು. ಬಾಗಿಲು ತಳ್ಳಿದ ಕೂಡಲೇ ಅದೇ ರಬ್ಬರಿನ ವಾಸನೆ, ಅದೇ ಮರದ ನೆಲದ ಗುಡುಗುಡು. ಮಕ್ಕಳು ಒಬ್ಬರ ಸೊಂಟ ಒಬ್ಬರು ಹಿಡಿದು ರೈಲು ಕಟ್ಟಿದರು. ಚಕ್ರಪಾಣಿ ಸ್ಪೀಕರ್ ಹಚ್ಚಿದ. ಮೊದಲ ಸಾಲು ಚೆನ್ನಾಗಿ ಹೋಯಿತು, ಎರಡು ಚೆನ್ನಾಗಿ ಹೋಯಿತು, ಇವರು ಕೈಗಡಿಯಾರ ನೋಡಿಕೊಂಡು ತಲೆದೂಗಿದರು. ಮೂರನೆಯ ಸಾಲಿಗೆ ರೈಲು ದೂರದ ತಿರುವಿಗೆ ಬಂತು. ನಾಲ್ಕನೆಯ ಸಾಲಿನ ಮೊದಲ ಸ್ವರಕ್ಕೆ ಎಲ್ಲರೂ ಒಂದು ಕಾಲೆತ್ತಬೇಕು, ಅದು ಅವರ ಪಾಠ. ಸ್ವರ ಬಂದೇ ಬಿಟ್ಟಿತು. ಎಂಜಿನ್ನು ಕಾಲೆತ್ತಿತು. ಹಿಂದಿನ ಡಬ್ಬಿಗಳು ಇನ್ನೂ ತಿರುವಿನಲ್ಲೇ ಇದ್ದವು, ಅವೂ ಗಾಬರಿಯಲ್ಲಿ ಕಾಲೆತ್ತಿದವು. ಇಡೀ ರೈಲು ಹಳಿ ತಪ್ಪಿ ಒಂದರ ಮೇಲೊಂದು ಬಿದ್ದು, ಮಧ್ಯದಿಂದ ಯಾರದೋ ಒಂದು ಕಾಲು ಮಾತ್ರ ಆಕಾಶಕ್ಕೆ ಎದ್ದು ನಿಂತು, ಅದರ ಚಕ್ರಗಳು ಗಿರ್ರನೆ ತಿರುಗುತ್ತಿದ್ದವು. ಯಾರಿಗೂ ಪೆಟ್ಟಾಗಲಿಲ್ಲ, ಅಳುವುದಕ್ಕಿಂತ ನಗುವವರೇ ಹೆಚ್ಚು. ಸಂಗೀತ ಮಾತ್ರ ಯಾರಿಗೂ ಕಾಯದೆ ಮುಗಿಸಿಯೇ ನಿಂತಿತು. ಚಕ್ರಪಾಣಿ ಒಬ್ಬೊಬ್ಬರನ್ನೇ ಬಿಡಿಸುತ್ತಾ, "ನಿಮ್ಮ ಸಂಗೀತದಲ್ಲಿ ಏನೂ ತಪ್ಪಿಲ್ಲ ಮೇಡಂ, ತಪ್ಪೆಲ್ಲ ನನ್ನ ಮಕ್ಕಳದೇ" ಎಂದು ಚುಚ್ಚಿದ. ಆಮೇಲೆ, ಯಾರಿಗೂ ಹೇಳದ ಹಾಗೆ, ಕೆಳಗೆ ನೋಡಿಕೊಂಡು ಅಂದ: "ಅಕ್ಕಾವ್ರು ಕಾಯ್ತಿದ್ರು."

ನಾನು ಬಾಲ್ಕನಿ ಮೆಟ್ಟಿಲು ಹತ್ತಿದೆ. ನಮ್ಮ ಬೆಂಚು ಇನ್ನೂ ಅಲ್ಲೇ ಇದೆ, ಮೇಲೆ ಯಾರೋ ಹಳೇ ಹೆಲ್ಮೆಟ್ಟುಗಳನ್ನು ಗುಡ್ಡೆ ಹಾಕಿದ್ದಾರೆ. ಅವನ್ನು ಸರಿಸಿ ಕೂತೆ. ಅಭ್ಯಾಸದಂತೆ ಎಡಗಡೆಗೇ ಕೂತೆ. ಎದುರಿಗೆ ಅದೇ ದಪ್ಪ ಕಂಬ. ಇಷ್ಟು ವರ್ಷ ನನಗೆ ಕಂಡದ್ದು ಆ ಕಂಬ ಮತ್ತು ನಿನ್ನ ಗದ್ದ, ಎರಡೇ. ಆಮೇಲೆ ಮೆಲ್ಲಗೆ ಜರುಗಿ ನಿನ್ನ ಕಡೆಗೆ ಹೋದೆ. ನಿನ್ನ ಕಡೆ ಹಲಗೆ ಸವೆದು ಸ್ವಲ್ಪ ತಗ್ಗಾಗಿದೆ ಗೊತ್ತೆ? ಅಲ್ಲಿಂದ ನೋಡಿದರೆ ಕಂಬ ಪಕ್ಕಕ್ಕೆ ಸರಿದು ಇಡೀ ನೆಲ ಕಾಣುತ್ತದೆ, ದೂರದ ತಿರುವು ಕಾಣುತ್ತದೆ, ರೈಲಿನ ಕಟ್ಟಕಡೆಯ ಸಣ್ಣದು ಮುಂದಿನದರ ಅಂಗಿ ಹಿಡಿದು ತೆವಳಿಕೊಂಡು ತಿರುವು ದಾಟುವುದು ಕಾಣುತ್ತದೆ. ನೀನು ಮೂರನೆಯ ಸಾಲಿಗೆ ಗದ್ದ ಎತ್ತಿ ನಿಲ್ಲಿಸುತ್ತಿದ್ದದ್ದು ಅದಕ್ಕೆ! ನಾನೇನೋ ಅದು ನಿನ್ನ ಕಲಾವಿದೆಯ ಠೀವಿ, ಕೇಳುವವರನ್ನು ಒಂದು ಕ್ಷಣ ಒದ್ದಾಡಿಸುವ ಚಪಲ ಎಂದು ತಿಳಿದಿದ್ದೆ. ಒಮ್ಮೆ ಉದ್ದ, ಒಮ್ಮೆ ಗಿಡ್ಡ, ಇವಳಿಗೆ ತಾಳವೇ ನೆಟ್ಟಗಿಲ್ಲ ಎಂದು ಒಳಗೊಳಗೇ ನಕ್ಕದ್ದೂ ಉಂಟು. ಒಂದು ದಿನವಾದರೂ ಹೇಳಬಾರದಿತ್ತೆ, "ಕೊನೇ ಮಗು ಬರ್ಲಿ ಇರೇ" ಅಂತ? ಹೇಳಲಿಲ್ಲ. ನಾನೂ ಕೇಳಲಿಲ್ಲ. ನನ್ನ ಕೈ ಮಾತ್ರ ಅದನ್ನು ಬಾಯಿಪಾಠ ಮಾಡಿಕೊಂಡು, ಮಕ್ಕಳೂ ಇಲ್ಲದ, ತಿರುವೂ ಇಲ್ಲದ ಈ ಹಿಂದಿನ ಕೋಣೆಯಲ್ಲಿ ನಿಂತು ನಿಂತು ಕಾಯುತ್ತಿತ್ತು. ಅದನ್ನು ನಾವು ತಪ್ಪೆಂದು ಮುಚ್ಚಿದೆವು.

ಮನೆಗೆ ಬಂದವಳೇ ಹೆಡ್‌ಮೇಷ್ಟ್ರನ್ನು ಕಂಪ್ಯೂಟರಿನಿಂದ ವರ್ಗ ಮಾಡಿದೆ. ಇವರು "ಅಯ್ಯೋ, ಅಷ್ಟು ಕರೆಕ್ಟಾಗಿತ್ತಲ್ಲೇ" ಎಂದರು. "ಕರೆಕ್ಟಾಗಿ ಬೀಳಿಸ್ತು ಕಣ್ರೀ" ಎಂದೆ. ಹಾಗೆ ಕೊನೆಗೆ ನನ್ನ ಕೈ ಹಿಡಿದವನು ಬೂದಪ್ಪ. ನೋಡಲು ಏನೂ ಚೆಲುವಿಲ್ಲ. ಬೂದು ಬಣ್ಣದ ಪರದೆ, ಕಪ್ಪು ಅಕ್ಷರ, ರೇಷನ್ ಕಚೇರಿಯ ಕಿಟಕಿಯ ಹಾಗೆ. ನಿನ್ನ ಮಗಳು ಚಿತ್ರ ನೋಡಿ, "ಚಿಕ್ಕಮ್ಮಾ, ಇದನ್ನ ಈಗ ಯಾರೂ ಉಪಯೋಗಿಸಲ್ಲ" ಎಂದಳು. ನಾನು ಉಪಯೋಗಿಸುತ್ತೇನೆ. ಯಾಕೆಂದರೆ ಬೂದಪ್ಪ ಟಕ್ ಟಕ್ ಎನ್ನಬೇಡ ಎಂದರೆ ಎನ್ನುವುದಿಲ್ಲ. ನಾನು ಹೇಗೆ ಬಾರಿಸುತ್ತೇನೋ ಹಾಗೆ ಬರೆದುಕೊಂಡು, ಆಮೇಲೆ "ನಿಮ್ಮ ತಾಳ ಎಲ್ಲೆಲ್ಲಿ ಬೀಳುತ್ತೆ ತೋರಿಸಿ" ಎಂದು ನನ್ನನ್ನೇ ಕೇಳುತ್ತಾನೆ. ತಿದ್ದು ಎಂದರೆ ಎಷ್ಟು ತಿದ್ದಲಿ ಎನ್ನುತ್ತಾನೆ. ಬೇಡ ಎಂದರೆ ಸುಮ್ಮನಿರುತ್ತಾನೆ. ಇಷ್ಟು ವಯಸ್ಸಿಗೆ ನನ್ನ ಮಾತನ್ನು ಮಧ್ಯೆ ಬಾಯಿ ಹಾಕದೆ ಕೇಳಿದವರು ಈ ಮನೆಯಲ್ಲಿ ಅವನೊಬ್ಬನೇ. ಅವನಲ್ಲಿ ಇನ್ನೊಂದು ಗುಣವಿದೆ, ಅದನ್ನು ಆಮೇಲೆ ಹೇಳುತ್ತೇನೆ.

ಕೆಳಗಿನದನ್ನು ಬಾರಿಸಿಟ್ಟೆ, ಯಾವ ಟಕ್ಕೂ ಇಲ್ಲದೆ. ಆಮೇಲೆ ಮೇಲಿನದು. ಈ ಸಲ ನಿನ್ನ ಹಾಗೆ ಬಾರಿಸಲು ಹೋಗಲಿಲ್ಲ. ಯಾಕೆ ಹೋಗಬೇಕು? ನೀನು ಎರಡನೆಯ ಸಾಲಿನಲ್ಲಿ ಸ್ವರಗಳನ್ನು ಮೆಟ್ಟಿಲಿಳಿಯುವ ಹಾಗೆ ಒಂದೊಂದಾಗಿ ಇಳಿಸುತ್ತೀಯ. ನಾನು ಜಾರುಬಂಡೆಯಲ್ಲಿ ಇಳಿಸಿದೆ. ಕೊನೆಯಲ್ಲಿ ನೀನು ಗಂಭೀರವಾಗಿ ಮುಗಿಸುತ್ತೀಯ. ನಾನು ಒಂದು ಸಣ್ಣ ಕುಪ್ಪಳ ಸೇರಿಸಿದೆ. ಸಿಟ್ಟು ಬಂತೆ? ಬರಲಿ. ಬರದಿದ್ದರೆ ಡಾಕ್ಟರಿಗೆ ಬೆರಳಿನ ಜೊತೆ ಕಿವಿಯನ್ನೂ ತೋರಿಸು. ಇಷ್ಟು ವರ್ಷ ಕೆಳಮನೆ ಮೇಲ್ಮನೆಯ ಹಿಂದೆ ಹೋಯಿತು, ಅವತ್ತು ಮೊದಲ ಸಲ ಮೇಲ್ಮನೆ ಕೆಳಮನೆಯ ಹಿಂದೆ ಬಂತು. ಬಾರಿಸಿ ಮುಗಿಸಿ ಎರಡನ್ನೂ ಒಟ್ಟಿಗೆ ಹಚ್ಚಿದಾಗ ಇವರು ಅಂಗಡಿಯಿಂದ ಆಗಷ್ಟೇ ಬಂದು ಬಾಗಿಲಲ್ಲೇ ನಿಂತು, "ಅಕ್ಕ ಯಾವಾಗ ಬಂದ್ರು?" ಎಂದರು. ಹೊಗಳಿಕೆಯೆಂದು ಒಂದು ನಿಮಿಷ ಹಿಗ್ಗಿದೆ. ಆಮೇಲೆ ಯೋಚಿಸಿದರೆ ಬೈಗುಳ! "ಅಕ್ಕ ಬಂದಿಲ್ಲ, ನಾನೇ ಬಂದಿದೀನಿ, ಬಹಳ ತಡವಾಗಿ" ಎಂದೆ.

ಆದ್ದರಿಂದ ಅಕ್ಕಾ, ಕೇಳಿಸಿಕೋ. ನೀನು ಹೇಳಿದಂತೆಯೇ ಕೋಣೆ ಖಾಲಿಯಾಗಿದೆ. ಈ ಪತ್ರವನ್ನು ಕೀಬೋರ್ಡ್ ಇದ್ದ ಜಾಗದಲ್ಲಿ ಮೇಜು ಹಾಕಿಕೊಂಡು ಬರೆಯುತ್ತಿದ್ದೇನೆ. ಅದೇ ವ್ಯಾನು, ಅದೇ ಕಂಬಳಿ, ಅದೇ ಇಬ್ಬರು ಆಳುಗಳು ಮೊನ್ನೆ ಬಂದು ಅದನ್ನು ಎತ್ತಿಕೊಂಡು ಹೋದರು. ಯಾವ ಶಾಲೆಗೂ ಅಲ್ಲ, ಬಾಲ್ಕನಿಗೆ. ನನ್ನನ್ನು ಅಳೆದವನು ಮೆಟ್ಟಿಲು ಹತ್ತುವಾಗ ಏದುಸಿರು ಬಿಡುತ್ತಾ, "ನಿಮ್ಮನ್ನೇ ಎತ್ತಬಹುದಿತ್ತು ಅಮ್ಮಾ" ಎಂದ. ಚಕ್ರಪಾಣಿ ಇನ್ನೂ ಪೂರ್ತಿ ಒಪ್ಪಿಲ್ಲ, ಪ್ರದರ್ಶನದ ದಿನ ರೈಲು ಮತ್ತೆ ಬಿದ್ದರೆ ಕೀಬೋರ್ಡನ್ನು ಅಲ್ಲಿಂದಲೇ ಶಾಲೆಗೆ ಸಾಗಿಸುತ್ತಾನಂತೆ. ಸಾಗಿಸಲಿ ನೋಡೋಣ. "ಇಬ್ಬರ ಸಾಮಾನು" ಎಂದು ನೀನೇ ಅಂದೆ. ಹಾಗಿದ್ದ ಮೇಲೆ ಒಬ್ಬಳೇ ಅದನ್ನು ಬಾರಿಸಬಾರದು ಎನ್ನುವುದಾದರೆ, ಒಬ್ಬಳೇ ಅದನ್ನು ಕೊಟ್ಟುಬಿಡಲೂಬಾರದು. ಇದು ತರ್ಕ. ಇದಕ್ಕೆ ನಿನ್ನಲ್ಲಿ ಉತ್ತರವಿಲ್ಲ, ಈಗ ಇಡುವುದಕ್ಕೆ ಫೋನೂ ಇಲ್ಲ. ಕೈ ಹೋಯಿತು ಎಂದೆಯಲ್ಲ, ಎಲ್ಲಿಗೆ ಹೋಯಿತು? ಮಗಳ ಮನೆಯ ಮೇಣದ ಬಟ್ಟಲಿಗೆ ಹೋಗಿದೆ, ಅಷ್ಟೇ. ಹೋದದ್ದು ಬರಬಹುದು.

ನಿನ್ನ ಮಗಳಿಗೆ ನನ್ನ ಮುತ್ತು, ವಿಮಾನದ ವಿಷಯ ಮಾತ್ರ ಬಾಯಿ ಬಿಡಬೇಡ. ನಿನ್ನ ಅಳಿಯಂದಿರಿಗೆ ಇವರ ವಂದನೆ. ಅವರ ಗೋಡೆ ಗಡಿಯಾರ ಮುಂದೆ ಓಡುತ್ತಿದ್ದರೆ ಯಾರಾದರೂ ಬರುವವರ ಕೈಯಲ್ಲಿ ಕಳಿಸಬೇಕಂತೆ. ಹಿರಿಯಳೆಂದು ನಿನಗೆ ನಮಸ್ಕಾರ, ಹಟಮಾರಿಯೆಂದು ನಿನಗೆ ಸವಾಲು. ಎರಡನ್ನೂ ಸ್ವೀಕರಿಸುವುದು.

ಇಂತು ಬಲಗಡೆಗೆ ಜರುಗಿದ,
ನಿನ್ನ ಕೆಳಮನೆ

ಮರೆತೆ: ಬೂದಪ್ಪನ ಇನ್ನೊಂದು ಗುಣ ಹೇಳುತ್ತೇನೆಂದಿದ್ದೆ. ಎಲ್ಲಿ ನಿಲ್ಲು ಎಂದು ಗುರುತು ಹಾಕುತ್ತೇವೋ ಅಲ್ಲಿ ಅವನು ನಿಂತು, ಯಾರಾದರೂ ಒಂದು ಕೀ ಒತ್ತುವ ತನಕ ಎಷ್ಟು ಹೊತ್ತಾದರೂ ಕಾಯುತ್ತಾನೆ. ಮೂರನೆಯ ಸಾಲಿನ ಕೊನೆಗೆ ಗುರುತು ಹಾಕಿದ್ದೇನೆ. ನಿನ್ನೆ ತಾಲೀಮಿನಲ್ಲಿ ಇವರು ಒತ್ತಿದರು. ತಿರುವು ನೋಡದೆ ಗಡಿಯಾರ ನೋಡಿ ಬೇಗ ಒತ್ತಿಬಿಟ್ಟರು, ಕಡೆಯ ಎರಡು ಡಬ್ಬಿ ಕುಸಿದವು. ನಾನು ಒತ್ತಿದೆ, ತಡವಾಯಿತು. ಯಾಕೆಂದರೆ ಆ ಜಾಗ ಬಂದ ಕೂಡಲೇ ನಾನು ತಿರುವು ನೋಡುವುದು ಬಿಟ್ಟು ಪಕ್ಕಕ್ಕೆ ತಿರುಗಿ ನಿನ್ನ ಗದ್ದ ಹುಡುಕುತ್ತೇನೆ. ಇವರಿಗೂ ನನಗೂ ಇದು ಆಗದ ಕೆಲಸ. ಪ್ರದರ್ಶನ ಇಪ್ಪತ್ತೊಂಬತ್ತನೇ ತಾರೀಖು ಶನಿವಾರ, ಸಂಜೆ ಐದಕ್ಕೆ. ನೀನು ಕೂರುವ ಜಾಗದಿಂದ ಹೆಲ್ಮೆಟ್ ತೆಗೆಸಿದ್ದೇನೆ. ಒತ್ತಬೇಕಾದ ಕೀ ಬಲತುದಿಯ ಕೊಟ್ಟಕೊನೇ ಬಿಳಿಯದು, ಒಂದೇ ಸಲ, ಮೆಲ್ಲಗೆ ಮುಟ್ಟಿದರೂ ಸಾಕು. ಯಾವ ಬೆರಳು ನೋಯುವುದಿಲ್ಲವೋ ಅದೊಂದನ್ನು ಕರಕೊಂಡು ಬಾ. ಉಳಿದವು ಬೇಕಾದರೆ ಮೇಣದಲ್ಲೇ ಇರಲಿ.